ಹದ್ದುಗಳೇಕೆ ವಿರಳ?

ರಾಯಬಾಗ ಸೀಮೆಯ ಅಲಖನೂರ ಕಡೆಗೆ ಹೋದ ವಾಚಕರು ಕಬ್ಬಿನ ಹೊಲಗಳನ್ನು ಕಂಡಿರಬಹುದು. ಕಬ್ಬಿಗೆ ಲೆಕ್ಕವಿಲ್ಲ, ಅದನ್ನು ಕಡಿಯುವ ಇಲಿಗಳೂ ಬೇಕಾದಷ್ಟು, ಇಲಿಯನ್ನು ನುಂಗುವ ಕೇರೆಹಾವು ಅಲ್ಲೊಂದು ಇಲ್ಲೊಂದು, ಹಾವನ್ನೆತ್ತುವ ಹದ್ದಂತೂ ಬಾನಿನಲ್ಲಿ ಒಂಟಿ. ಏಕೆ?

ಪೈರು ಹಿಡಿದಿಡುವುದು ಸಾಮಾನ್ಯವಾಗಿ ಬಿಸಿಲಿನ ನೂರರಲ್ಲಿ ಒಂದೆರಡು ಪಾಲು. ಇಲಿ ತಿಂದುದರಲ್ಲಿ ಬಹುಭಾಗ ಅದರ ಓಡಾಟಕ್ಕೂ ಮೈಬಿಸಿಗೂ ವೆಚ್ಚ. ಹೀಗೆ ಒಂದು ಮೆಟ್ಟಿಲಿನಿಂದ ಮುಂದಿನದಕ್ಕೆ ಸಾಗುವ ಶಕ್ತಿ ಸ್ಥೂಲವಾಗಿ ಹತ್ತರಲ್ಲೊಂದು. ಈ ಗಣಿತಕ್ಕೆ ಬುನಾದಿ ಹಾಕಿದ ಅಮೆರಿಕದ ರೇಮಂಡ್ ಲಿಂಡೆಮನ್, ತನ್ನ ಪ್ರಬಂಧ ಅಚ್ಚಾಗುವ ಮುನ್ನವೇ, 1942ರಲ್ಲಿ, ಇಪ್ಪತ್ತೇಳು ತುಂಬುವ ಮೊದಲೇ ತೀರಿಕೊಂಡ. ಪಾಪ!

ಇಲಿಗಿಡುವ ವಿಷವಾದರೋ ಹೀಗೆ ಕರಗದು. ಕೆಲವು ಬಗೆಯವು ಇಲಿಯ ಯಕೃತ್ತಿನಲ್ಲುಳಿದು, ಅದನ್ನು ತಿಂದ ಗೂಬೆಯ ಒಡಲಲ್ಲಿ ಶೇಖರಗೊಳ್ಳುತ್ತವೆ. ಅಂಥ ಗೂಬೆಯೊಂದು ಸತ್ತರೆ ಆ ಹೊಲಕ್ಕೆ ಇನ್ನೊಂದು ಸುಲಭವಾಗಿ ಬಾರದು. ಅವು ಇರುವುದೇ ಬೆರಳೆಣಿಕೆಯಷ್ಟು.