ಕುಸಿತವೋ, ಸ್ತಬ್ಧತೆಯೋ?

ಬ್ಯಾಂಕಿನ ಲೆಕ್ಕ, ರೈಲ್ವೆ ಟಿಕೆಟ್ಟು, ನಮ್ಮಂಥವರ ವಿದ್ಯಾರ್ಥಿವೇತನ, ಇವೆಲ್ಲದರ ದಾಖಲೆಗಳು ಇಂದು ಡೇಟಾಬೇಸ್ ಎಂಬ ಗಣಕಯಂತ್ರದ ಕಣಜದಲ್ಲಿರುವುವಷ್ಟೆ. ಅದು ನಿಂತರೆ ಸಾವಿರಾರು ಜನರ ಕೆಲಸವೂ ನಿಲ್ಲುವುದು. ಹೀಗೆ ನಿಲ್ಲುವುದರಲ್ಲಿ ಎರಡು ಬಗೆ: ಕುಸಿತ, ಸ್ತಬ್ಧತೆ. ಒರಾಕಲ್ ಎಂಬ ಪ್ರಸಿದ್ಧ ಡೇಟಾಬೇಸನ್ನು ಉದಾಹರಣೆಯಾಗಿಟ್ಟುಕೊಂಡು ಇವುಗಳ ರೋಗಪರೀಕ್ಷೆಯ ಕ್ರಮವನ್ನು ನೋಡೋಣ.

ಕುಸಿತವು ಸಾಮಾನ್ಯವಾಗಿ ಗುರುತು ಬಿಟ್ಟು ಹೋಗುತ್ತದೆ. ‘ಅಲರ್ಟ್ ಲಾಗ್’ ಎಂಬ ದಿನಚರಿಯಲ್ಲಿ ವೇಳೆಯೂ ದೋಷಸಂಖ್ಯೆಯೂ ದಾಖಲಾಗಿರುತ್ತವೆ. ಓಆರ್‌ಎ-೬೦೦ ಎಂದಿದ್ದರೆ ತಂತ್ರಾಂಶವು ತಾನೇ ನಡೆಸಿಕೊಳ್ಳುವ ಆಂತರಿಕ ಪರೀಕ್ಷೆಯೊಂದು ವಿಫಲವಾಗಿದೆಯೆಂದು ಅರ್ಥ. ಅಲ್ಲಿಯೇ ಹೆಸರಿಸಿರುವ ‘ಟ್ರೇಸ್’ ಕಡತವನ್ನು ತೆರೆದರೆ, ಆ ಗಳಿಗೆಯಲ್ಲಿ ಯಾವ ಕೆಲಸ ನಡೆಯುತ್ತಿತ್ತೆಂಬುದು ತಿಳಿಯುವುದು.

ಸ್ತಬ್ಧತೆಯಾದರೋ ಮೂಕರೋಗ. ಯಂತ್ರಕ್ಕೆ ಜೀವವಿರುತ್ತದೆ, ಉತ್ತರ ಮಾತ್ರ ಬಾರದು. ಒಬ್ಬನು ಒಂದು ಸಾಲನ್ನು ತಿದ್ದಿ, ‘ಕಮಿಟ್’ ಹೇಳದೆ ಎದ್ದುಹೋದನೆನ್ನಿ; ಅದೇ ಸಾಲನ್ನು ತಿದ್ದಬೇಕಾದವರೆಲ್ಲ ಅವನ ಹಿಂದೆ ಕಾಯಬೇಕಾಗುತ್ತದೆ. ಆದುದರಿಂದ ಇಲ್ಲಿ ಕೇಳಬೇಕಾದ ಪ್ರಶ್ನೆ ಒಂದೇ: ಯಾರು ಯಾರಿಗಾಗಿ ಕಾದಿದ್ದಾರೆ? ‘ಹ್ಯಾಂಗ್ ಅನಲೈಜ್’ ಎಂಬ ಆಜ್ಞೆಯು ಈ ಸರಪಳಿಯನ್ನು ತೋರಿಸುತ್ತದೆ. ಅದನ್ನು ಒಂದೆರಡು ನಿಮಿಷಗಳ ಅಂತರದಲ್ಲಿ ಎರಡು ಬಾರಿಯಾದರೂ ತೆಗೆದು ಹೋಲಿಸಬೇಕು. ಸರಪಳಿ ಕದಲದಿದ್ದರೆ ಸ್ತಬ್ಧತೆ. ಕದಲಿದ್ದರೆ ಬರಿಯ ನಿಧಾನ.

ಕಾಯುವ ಜನರ ಒತ್ತಾಯಕ್ಕೆ ಮಣಿದು, ಕೂಡಲೇ ಎಲ್ಲವನ್ನೂ ನಿಲ್ಲಿಸಿ ಮತ್ತೆ ಹೊರಡಿಸುವುದು ಸಹಜ. ಕಮಿಟ್ ಆದ ದಾಖಲೆಗಳನ್ನು ‘ರೀಡೂ’ ಎಂಬ ಕಡತಗಳು ಉಳಿಸಿಕೊಡುವುವು, ನಿಜ. ಆದರೆ ಯಂತ್ರದ ಸ್ಮೃತಿಯಲ್ಲಿದ್ದ ಸಾಕ್ಷ್ಯ ಅಳಿಸಿಹೋಗುವುದು. ಕಾರಣ ತಿಳಿಯದ ರೋಗ ಮರುಕಳಿಸುವುದು. ನಾಡಿ ಮಿಡಿಯುತ್ತಿರುವಾಗಲೇ ಕೈಹಿಡಿದು ನೋಡಬೇಕು.