ಮೂರು ತಿಂಗಳಿಗೊಮ್ಮೆ ಒಂದು ಚುಚ್ಚುಮದ್ದು

ಹುಳಿಯಾರಿನಲ್ಲಾಗಲಿ ತುರುವೇಕೆರೆಯಲ್ಲಾಗಲಿ ‘ಫ್ಯಾಮಿಲಿ ಪ್ಲಾನಿಂಗ್’ ಎಂದರೆ ಏನೆಂದು ಕೇಳಿನೋಡಿ. ‘ಆಪರೇಷನ್’ ಎಂಬ ಉತ್ತರವೇ ಹೆಚ್ಚಾಗಿ ಬರುತ್ತದೆ. ಅದು ಸಹಜ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ, ಕರ್ನಾಟಕದಲ್ಲಿ 15ರಿಂದ 49 ವಯಸ್ಸಿನ ವಿವಾಹಿತೆಯರ ಪೈಕಿ ನೂರಕ್ಕೆ 57 ಮಂದಿ ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡವರು. ಮಕ್ಕಳು ಸಾಕು ಎನ್ನುವವರಿಗೆ ಅದು ಸರಿ. ‘ಈಗ ಬೇಡ, ಮುಂದೆ ಬೇಕು’ ಎನ್ನುವವರಿಗೆ? ಡಿಗ್ರಿ ಮುಗಿಯುವ ಮೊದಲೇ ಮದುವೆಯಾದ ಅಕ್ಕನಿಗೆ, ಕೈಕೂಸಿಗೆ ಹಾಲೂಡಿಸುತ್ತಿರುವ ಅತ್ತಿಗೆಗೆ ಬೇಕಾದದ್ದು ಕಾಲಾವಕಾಶ.

ಈ ವಿಚಾರ ನಮ್ಮ ಸೀಮೆಗೆ ಹೊಸದಲ್ಲ. ತುಮಕೂರು ಜಿಲ್ಲೆ ಮೈಸೂರು ಸಂಸ್ಥಾನಕ್ಕೆ ಸೇರಿದ್ದ ಕಾಲದಲ್ಲಿ, 1930ರಲ್ಲಿ, ಆ ಸರ್ಕಾರ ಬೆಂಗಳೂರು ಮತ್ತು ಮೈಸೂರಿನ ಆಸ್ಪತ್ರೆಗಳಲ್ಲಿ ಸಂತಾನ ನಿಯಂತ್ರಣ ಕೇಂದ್ರಗಳಿಗೆ ಅನುಮತಿ ನೀಡಿತು. ಸರ್ಕಾರವೇ ತೆರೆದ ಇಂಥ ಕೇಂದ್ರಗಳಲ್ಲಿ ಅವು ಜಗತ್ತಿನಲ್ಲೇ ಮೊದಮೊದಲಿನವು. ಹಾರ್ಮೋನಿನ ಮಾತ್ರೆ ಆಗ ಇರಲಿಲ್ಲ. ಅಮೆರಿಕದಲ್ಲಿ ಅದಕ್ಕೆ ಒಪ್ಪಿಗೆ ಸಿಕ್ಕಿದ್ದು 1960ರಲ್ಲಿ. ನಮ್ಮ ಮಾಲಾ-ಎನ್ ಆ ಜಾತಿಯದೇ. ದಿನವೂ ಮರೆಯದೆ ನುಂಗಬೇಕೆಂಬುದೇ ಅದರ ತೊಡಕು.

ಹಾರ್ಮೋನು ಮಾಡುವುದೇನು? ಗರ್ಭಿಣಿಯ ದೇಹದಲ್ಲಿ ಪ್ರೊಜೆಸ್ಟರಾನ್ ಹೆಚ್ಚಾಗಿದ್ದು, ಮತ್ತೊಂದು ಅಂಡ ಬಿಡುಗಡೆಯಾಗದಂತೆ ತಡೆಯುತ್ತದೆ. ಅದನ್ನು ಹೋಲುವ ಔಷಧಿ ಕೊಟ್ಟರೂ ಅಂಡ ಹೊರಬರುವುದಿಲ್ಲ. ‘ಅಂತರಾ’ ಚುಚ್ಚುಮದ್ದಿನಲ್ಲಿರುವುದು ಇದೇ. 2017ರಿಂದ ಸರ್ಕಾರಿ ಆಸ್ಪತ್ರೆಗಳಲ್ಲಿ ಇದನ್ನು ಉಚಿತವಾಗಿ ಕೊಡುತ್ತಾರೆ. ಅಟ್ಟಕ್ಕೆ ಹಾಕಿದ ಕಾಯಿ ಉಂಡೆ ಕೊಬ್ಬರಿಯಾಗುವಷ್ಟರಲ್ಲಿ ನಾಲ್ಕು ಸೂಜಿ ಎಂದಿಟ್ಟುಕೊಳ್ಳಿ. ಹೆರಿಗೆಯಾಗಿ ಆರು ವಾರ ಕಳೆದ, ಹಾಲೂಡಿಸುವ ತಾಯಿಯೂ ಪಡೆಯಬಹುದು.

ಹೆಂಗಸರು ಹೆದರಿ ಇದನ್ನು ಬಿಡುವುದು ಮುಟ್ಟಿನ ಕಾರಣಕ್ಕೆ. ಮೊದಲ ತಿಂಗಳುಗಳಲ್ಲಿ ಹೊತ್ತುಗೊತ್ತಿಲ್ಲದೆ ರಕ್ತ ಕಾಣಬಹುದು. ಆಮೇಲೆ ಮುಟ್ಟು ನಿಂತೇ ಹೋಗಬಹುದು. ‘ಕೆಟ್ಟ ರಕ್ತ ಒಳಗೇ ಕಟ್ಟಿಕೊಳ್ಳುತ್ತದೆ’ ಎಂದು ಹಿರಿಯರು ಗಾಬರಿಯಾಗುತ್ತಾರೆ. ಹಾಗೇನೂ ಇಲ್ಲ. ಮುಟ್ಟಿನಲ್ಲಿ ಹೊರಬರುವುದು ಗರ್ಭಕೋಶದ ಒಳಪದರ. ಔಷಧಿಯಿಂದ ಆ ಪದರ ದಪ್ಪವಾಗಿ ಬೆಳೆಯುವುದೇ ಇಲ್ಲ, ಬೆಳೆಯದ್ದು ಕಳಚುವುದೆಲ್ಲಿಂದ? ಸೂಜಿ ನಿಲ್ಲಿಸಿದರೆ ಮುಟ್ಟು ಮರಳುತ್ತದೆ. ಆದರೆ ಮತ್ತೆ ಗರ್ಭ ನಿಲ್ಲಲು ಕೊನೆಯ ಸೂಜಿಯಿಂದ ಸಾಮಾನ್ಯವಾಗಿ 7ರಿಂದ 10 ತಿಂಗಳು ಹಿಡಿಯುತ್ತದೆ. ಕೆಲವರ ತೂಕ ಹೆಚ್ಚುತ್ತದೆ. ಮೂಳೆಯ ಸಾಂದ್ರತೆ ಸ್ವಲ್ಪ ತಗ್ಗಿ, ಬಿಟ್ಟ ಮೇಲೆ ಸುಧಾರಿಸುತ್ತದೆ. ಸ್ತನ ಕ್ಯಾನ್ಸರ್ ಇದ್ದವರಿಗೆ ಇದು ಸಲ್ಲದು. ಏಡ್ಸ್ ಮುಂತಾದ ಲೈಂಗಿಕ ರೋಗಗಳನ್ನು ಇದು ತಡೆಯುವುದಿಲ್ಲ. ಅದಕ್ಕೆ ನಿರೋಧವೇ ಬೇಕು.

ಇಷ್ಟನ್ನೂ ಮೊದಲೇ ಹೇಳದಿದ್ದರೆ ಏನಾಗುತ್ತದೆಂಬುದು ದೇಶಕ್ಕೆ ಗೊತ್ತಿದೆ. 1985ರಲ್ಲಿ ಹೈದರಾಬಾದ್ ಬಳಿಯ ಪಟಾನ್‌ಚೆರುವಿನಲ್ಲಿ ನೆಟ್-ಎನ್ ಎಂಬ ಬೇರೊಂದು ಹಾರ್ಮೋನು ಸೂಜಿಯ ಪ್ರಯೋಗ ನಡೆದಾಗ, ಅದು ಪ್ರಯೋಗವೆಂದೇ ಹೆಂಗಸರಿಗೆ ತಿಳಿಸಿಲ್ಲವೆಂದು ಮಹಿಳಾ ಸಂಘಟನೆಗಳು ಪ್ರತಿಭಟಿಸಿದವು. 1986ರಲ್ಲಿ ಸುಪ್ರೀಂ ಕೋರ್ಟಿನ ಮೊರೆಹೊಕ್ಕವು. ಈಗಿನ ಅಂತರಾ ಔಷಧಿಗೆ 1993ರಲ್ಲೇ ಖಾಸಗಿ ಮಾರಾಟದ ಒಪ್ಪಿಗೆ ಸಿಕ್ಕಿದ್ದರೂ, ಸರ್ಕಾರಿ ಆಸ್ಪತ್ರೆಗೆ ಬರಲು ಎರಡು ದಶಕ ದಾಟಿದ್ದಕ್ಕೆ ಈ ಅಪನಂಬಿಕೆಯೂ ಒಂದು ಕಾರಣ. ಆ ಸಂಘಟನೆಗಳು ಕೇಳಿದ ಪ್ರಶ್ನೆಗಳು ನ್ಯಾಯವಾದವೇ.

ಇನ್ನೂ ಹೊಸದೆಂದರೆ ತೋಳಿನ ಚರ್ಮದಡಿ ಇಡುವ ಬೆಂಕಿಕಡ್ಡಿಯಷ್ಟು ಗಾತ್ರದ ಇಂಪ್ಲಾಂಟ್. ಮೂರು ವರ್ಷ ಕೆಲಸ ಮಾಡುತ್ತದೆ, ಬೇಡವಾದಾಗ ತೆಗೆಸಬಹುದು. 2023ರಲ್ಲಿ ಕೇಂದ್ರ ಸರ್ಕಾರ ಇದನ್ನು ಪ್ರಾಯೋಗಿಕವಾಗಿ ಆರಂಭಿಸಲು ಆಯ್ದ ರಾಜ್ಯಗಳಲ್ಲಿ ಕರ್ನಾಟಕವೂ ಒಂದು. ವಾರಕ್ಕೊಮ್ಮೆಯ ‘ಛಾಯಾ’ ಮಾತ್ರೆಯನ್ನು ಇವುಗಳ ಸಾಲಿಗೆ ಸೇರಿಸುವುದುಂಟು. ಲಖನೌದ ವಿಜ್ಞಾನಿಗಳು ರೂಪಿಸಿದ ಅದರಲ್ಲಿ ಹಾರ್ಮೋನಿಲ್ಲ. ಮೊದಲ ಮೂರು ತಿಂಗಳು ಮಾತ್ರ ಅದನ್ನು ವಾರಕ್ಕೆ ಎರಡು ಸಲ ತೆಗೆದುಕೊಳ್ಳಬೇಕು.

ಅಂತರಾ ಪಡೆದವರಿಗೆ ಮುಂದಿನ ತಾರೀಖು ಬರೆದ ಕಾರ್ಡು ಕೊಡುತ್ತಾರೆ. ತವರಿಗೋ ಜಾತ್ರೆಗೋ ಹೋಗುವುದಿದ್ದರೆ ಎರಡು ವಾರ ಮುಂಚೆಯೇ ಸೂಜಿ ಹಾಕಿಸಬಹುದು. ತಪ್ಪಿದರೆ ನಾಲ್ಕು ವಾರದವರೆಗೂ ಅವಕಾಶವಿದೆ. ಅದನ್ನೂ ಮೀರಿದರೆ ಗರ್ಭವಿಲ್ಲವೆಂದು ಖಚಿತಪಡಿಸಿಕೊಂಡೇ ಮುಂದಿನದು ಕೊಡುತ್ತಾರೆ. ಕಾರ್ಡು ಹೊರಗಿಡಲು ಸಂಕೋಚಪಡುವವರು ಆಶಾ ಕಾರ್ಯಕರ್ತೆಯ ಬಳಿ ತಾರೀಖು ಗುರುತು ಮಾಡಿಸಿಡಬಹುದು.