ತೊರಪಳ್ಳಿಯ ಮಗ ತಿದ್ದಿಕೊಂಡ ಮಾತು

ಆಡಿದ್ದನ್ನು ಬದಲಿಸಿದವನನ್ನು ಹಂಗಿಸಲು ಕನ್ನಡದಲ್ಲಿ ಪದಗಳಿಗೆ ಬರವಿಲ್ಲ. ಉಲ್ಟಾ ಹೊಡೆದ, ಪ್ಲೇಟು ತಿರುಗಿಸಿದ, ಉಗುಳಿದ್ದನ್ನೇ ನೆಕ್ಕಿದ. ಗೌರವದಿಂದ ಹೇಳಬೇಕೆಂದರೆ ಮಾತ್ರ ತಡಕಾಡುತ್ತೇವೆ. ‘ಹೇಳಿಕೆ ಹಿಂಪಡೆದರು’ ಎಂಬುದು ಸದನದ ಮಾತು. ‘ತಪ್ಪೊಪ್ಪಿಗೆ’ಗೆ ಪೊಲೀಸ್ ಠಾಣೆಯ ನೆರಳಿದೆ.

ಒಂದೇ ಪದಕ್ಕೆ ಎರಡು ಹೊರೆ ಹೊರಿಸಿದ್ದೇ ಇದಕ್ಕೆ ಕಾರಣ ಎನಿಸುತ್ತದೆ. ಕೊಟ್ಟ ವಚನವೂ ಮಾತೇ, ಆಡಿದ ಅಭಿಪ್ರಾಯವೂ ಮಾತೇ. ಹರಿಶ್ಚಂದ್ರ, ಪುಣ್ಯಕೋಟಿಯರ ಕಥೆ ಕೇಳಿ ಬೆಳೆದ ನಮಗೆ ವಚನಕ್ಕೆ ತಪ್ಪುವುದು ಮಹಾಪಾಪ. ಅದೇ ಅಳತೆಗೋಲನ್ನು ಅಭಿಪ್ರಾಯಕ್ಕೂ ಹಿಡಿದುಬಿಡುತ್ತೇವೆ.

ಕನ್ನಡ, ತೆಲುಗು, ತಮಿಳು ಮೂರೂ ಕಲೆತ ಹೊಸೂರಿನ ಸೀಮೆಯಲ್ಲಿ ಈ ಅಳತೆಗೋಲು ಮುರಿಯುವಂಥ ಬದುಕೊಂದಿದೆ. 1878ರ ಡಿಸೆಂಬರ್ 10ರಂದು ತೊರಪಳ್ಳಿಯಲ್ಲಿ ಹುಟ್ಟಿ, ಹೊಸೂರಿನಲ್ಲಿ ಓದಿ, ಬೆಂಗಳೂರಿನ ಸೆಂಟ್ರಲ್ ಕಾಲೇಜಿಗೆ ಬಂದ ರಾಜಾಜಿಯವರದು. 1937ರಲ್ಲಿ ಮದ್ರಾಸ್ ಪ್ರಾಂತ್ಯದ ಸರ್ಕಾರ ಅವರ ಕೈಗೆ ಬಂತು. ಮರುವರ್ಷವೇ 125 ಪ್ರೌಢಶಾಲೆಗಳಲ್ಲಿ ಹಿಂದಿ ಕಡ್ಡಾಯವಾಯಿತು. ಜನ ಬೀದಿಗಿಳಿದರು; ಸಾವಿರಕ್ಕೂ ಮೀರಿ ಬಂಧನಗಳಾದವು; ನಟರಾಜನ್, ತಾಳಮುತ್ತು ಎಂಬಿಬ್ಬರು ಬಂಧನದಲ್ಲಿದ್ದಾಗಲೇ ತೀರಿಕೊಂಡರು. ರಾಜಾಜಿ ಕದಲಲಿಲ್ಲ. ಎರಡನೇ ಮಹಾಯುದ್ಧದ ಪ್ರಶ್ನೆಯಲ್ಲಿ ಕಾಂಗ್ರೆಸ್ ಸರ್ಕಾರಗಳು ರಾಜೀನಾಮೆ ಕೊಟ್ಟ ಮೇಲೆ, 1940ರ ಫೆಬ್ರವರಿಯಲ್ಲಿ ಕಡ್ಡಾಯವನ್ನು ರದ್ದುಮಾಡಿದ್ದು ಗವರ್ನರ್ ಎರ್ಸ್ಕಿನ್.

ವಾಪಸಾದದ್ದು ಆದೇಶ ಮಾತ್ರ. ಅದರ ಹಿಂದಿನ ನಂಬಿಕೆ ಸಡಿಲವಾಗಲು ಇನ್ನೂ ವರ್ಷಗಳು ಹಿಡಿದವು. 1958ರಲ್ಲಿ ಕಲ್ಕತ್ತೆಯ ಭಾಷಾ ಸಮ್ಮೇಳನದ ಹೊತ್ತಿಗೆ, ಎಂಬತ್ತರ ಹೊಸ್ತಿಲಲ್ಲಿದ್ದ ಅದೇ ರಾಜಾಜಿ, ಇಂಗ್ಲಿಷನ್ನು ಸರಿಸಿ ಹಿಂದಿಯೊಂದನ್ನೇ ಆಡಳಿತ ಭಾಷೆ ಮಾಡುವುದು ಬೇಡವೆಂದು ವಾದಿಸುವವರ ಮುಂಚೂಣಿಯಲ್ಲಿದ್ದರು.

1633ರಲ್ಲಿ ರೋಮಿನಲ್ಲಿ ಗೆಲಿಲಿಯೊನನ್ನು ಮಂಡಿಯೂರಿಸಿ, ಭೂಮಿ ಚಲಿಸುತ್ತದೆಂಬ ಮಾತನ್ನು ಬಿಡಿಸಿದರು. ಅದು ಹೆದರಿಸಿ ಕಿತ್ತುಕೊಂಡ ಮಾತು. ರಾಜಾಜಿಯವರನ್ನು ಹಾಗೆ ಯಾರೂ ಮಂಡಿಯೂರಿಸಲಿಲ್ಲ. ರಾಜಕೀಯದ ಲೆಕ್ಕವೇ ಇರಲಿಲ್ಲವೆಂದಲ್ಲ. 1967ರ ಚುನಾವಣೆಯಲ್ಲಿ ಅವರ ಸ್ವತಂತ್ರ ಪಕ್ಷ ಡಿಎಂಕೆ ಜತೆ ನಿಂತಿತು. ಆದರೂ ತಾನೇ ಹೊರಡಿಸಿದ ಆಜ್ಞೆಗೆ ಎದುರಾಗಿ ಊರೂರಿಗೆ ಕೇಳುವಂತೆ ಮಾತಾಡುವುದನ್ನು ಉಲ್ಟಾ ಹೊಡೆಯುವುದು ಎನ್ನಲು ನನಗೆ ಬಾಯಿ ಬಾರದು.

ನಮ್ಮಲ್ಲಿ ‘ತಿದ್ದಿಕೊಳ್ಳುವುದು’ ಎಂಬ ಪದವಿದೆ. ಮರಳಿನ ಮೇಲೆ ಬೆರಳಾಡಿಸುತ್ತ ಮಕ್ಕಳು ಅಕ್ಷರ ‘ತಿದ್ದುತ್ತಿದ್ದರು’. ತೊರಪಳ್ಳಿಯಲ್ಲಿ ರಾಜಾಜಿ ಹುಟ್ಟಿದ ಮನೆ ಈಗ ಸ್ಮಾರಕ. ಅಲ್ಲಿಗೆ ಹೋದಾಗ ನನ್ನ ನಾಲಿಗೆಗೆ ಬರುವುದು ಆ ಪದವೇ.